ಹಸಿರು ಚುಕ್ಕೆ ಸಾಹೇಬರಿಗೊಂದು ಬಹಿರಂಗ ಪತ್ರ

ಇವರಿಗೆ,
ಶ್ರೀ ಹಸಿರು ಚುಕ್ಕೆಯವರು,
ಪ್ರೊಫೈಲ್ ಚಿತ್ರದ ಬಲಮೂಲೆ, ಟೀಮ್ಸ್ ಆ್ಯಪ್.

ವಿಷಯ: ಮನೆಯಿಂದ ದುಡಿಯುವ ಸ್ವಾಯತ್ತ ತಂಡದ ಡೆವಲಪರುಗಳ ಹಾಜರಿ ಕುರಿತು.

ಮಾನ್ಯರೇ,

ಡೆವಲಪರ್ ಐದು ನಿಮಿಷ ಕೀಬೋರ್ಡ್ ಮುಟ್ಟದಿದ್ದರೆ ತಾವು ಹಳದಿಗೆ ತಿರುಗುತ್ತೀರಿ. ಆ ಹೊತ್ತಿನಲ್ಲಿ ಆಕೆ ಕಾಗದದ ಮೇಲೆ ಟೇಬಲ್‌ಗಳನ್ನು ಗೀಚಿಕೊಂಡು, ಕೈಗೆ ಸಿಗದ ಬಗ್ ಒಂದರ ಬೆನ್ನು ಹತ್ತಿರಬಹುದು. ತಮ್ಮ ದಫ್ತರದಲ್ಲಿ ಅದು ಗೈರುಹಾಜರಿ. ಇನ್ನೊಂದೂರಿನ ಸಹೋದ್ಯೋಗಿ ಬೆಳಗಿನಿಂದ ಚಾಟ್‌ಗಳಿಗೆ ಹೆಬ್ಬೆರಳೆತ್ತುವುದು ಬಿಟ್ಟು ಬೇರೇನೂ ಮಾಡಿಲ್ಲ. ಅವನು ಮಾತ್ರ ಸಂಜೆಯವರೆಗೂ ಹಸಿರೋ ಹಸಿರು.

ನೇಮಕಾತಿ ವೇಳೆ ಇಬ್ಬರಿಗೂ ಹೇಳಿದ್ದು ಒಂದೇ: 'ನಮ್ಮದು ಸಣ್ಣ, ಸ್ವಾಯತ್ತ ತಂಡ.' ಸಣ್ಣ ಎಂಬುದಂತೂ ದಿಟ. ಟೆಸ್ಟರ್ ಇಲ್ಲ, ಡೇಟಾಬೇಸ್ ನೋಡಿಕೊಳ್ಳುವವರಿಲ್ಲ. ಸ್ವಾಯತ್ತತೆ ರಾತ್ರಿ ಎರಡಕ್ಕೆ ಸರ್ವರ್ ಬಿದ್ದಾಗ ಪೂರ್ತಿ ಸಿಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಯಾವುದೋ ಲೈಬ್ರರಿ ಬದಲಿಸಬೇಕೆಂದರೆ ಮೂವರ ಅಪ್ಪಣೆ ಬೇಕು.

ತಂಡ ಸಣ್ಣದಿರಲಿ, ತಕರಾರಿಲ್ಲ. ಜನ ಹೆಚ್ಚಿದಂತೆ ಮಾತುಕತೆಯೇ ಕೆಲಸವನ್ನು ನುಂಗುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಐದು ಮಂದಿಯಲ್ಲಿ ಮಾತಾಡಬೇಕಾದ ಜೋಡಿಗಳು 10. ಐವತ್ತು ಮಂದಿಯಾದರೆ 1,225. ದೂರವೂ ಅಡ್ಡಿಯಲ್ಲ. ಲಿನಕ್ಸ್ ಕರ್ನಲ್ ಬೆಳೆದದ್ದೇ ಇಮೇಲಿನಲ್ಲಿ ಹರಿದಾಡಿದ ಪ್ಯಾಚ್‌ಗಳಿಂದ. 2005ರ ಏಪ್ರಿಲ್‌ನಲ್ಲಿ ಅದರ ಜನಕ ಲಿನಸ್ ಟೊರ್ವಾಲ್ಡ್ಸ್, ಕೋಡಿನ ಬದಲಾವಣೆಗಳ ಲೆಕ್ಕವಿಡುವ ಗಿಟ್ ಬರೆಯಲು ಕೂತರು. ಕೆಲವೇ ದಿನಗಳಲ್ಲಿ ಅದು ತನ್ನ ಕೋಡನ್ನು ತಾನೇ ಕಾಯುವಷ್ಟಾಯಿತು. ಅವರು ಎಷ್ಟು ಹೊತ್ತು ಹಸಿರಿದ್ದರೆಂದು ಬರೆದುಕೊಳ್ಳಲು ತಮ್ಮನ್ನು ಯಾರೂ ನೇಮಿಸಿರಲಿಲ್ಲ.

ತಮ್ಮ ಕಾವಲು ಎಷ್ಟರದ್ದು ಎಂದು ತಿಳಿಯಲು 2017ರ ಜನವರಿ 31ರ ರಾತ್ರಿ ಸಾಕು. ಸಿಬ್ಬಂದಿಯೆಲ್ಲ ತಂತಮ್ಮ ಊರುಗಳಿಂದಲೇ ದುಡಿಯುವ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ಅಳಿಸುವ ಆಜ್ಞೆಯನ್ನು ತಪ್ಪು ಸರ್ವರಿಗೆ ಕೊಟ್ಟರು. ಅರಿವಾಗಿ ತಡೆಯುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ಪಿಗೆಂದು ಐದು ಬಗೆಯ ಏರ್ಪಾಡುಗಳಿದ್ದವು, ನೆಚ್ಚುವಂಥದ್ದು ಒಂದೂ ಇರಲಿಲ್ಲ. ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆಂದು ಕೈಯಾರೆ ತೆಗೆದಿಟ್ಟ ಒಂದು ಪ್ರತಿ ಮಾನ ಉಳಿಸಿತು. ತಮ್ಮ ಲೆಕ್ಕದಲ್ಲಿ ಆ ಎಂಜಿನಿಯರ್‌ದು ನೂರಕ್ಕೆ ನೂರು ಹಾಜರಿ, ಅದೂ ರಾತ್ರಿ ಪಾಳಿಯಲ್ಲಿ!

ಕಂಪನಿ ತಲೆದಂಡ ಕೇಳಲಿಲ್ಲ. ದುರಸ್ತಿಯ ಟಿಪ್ಪಣಿಗಳನ್ನು ಎಲ್ಲರೂ ಓದುವಂತೆ ತೆರೆದಿಟ್ಟು, ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿತು. ಆಮೇಲಿನ ವರದಿಯಲ್ಲಿ ಆ ವ್ಯಕ್ತಿಗೆ ಹೆಸರಿಲ್ಲ. ಬರೀ 'ಟೀಮ್ ಮೆಂಬರ್ 1'. ಸ್ವಾಯತ್ತತೆಯ ಮಾತಾಡುವವರು ಆ ವರದಿಯನ್ನೊಮ್ಮೆ ಓದಬೇಕು.

ಆದರೆ ಅವರಿಗೆ ಓದುವ ಪುರುಸೊತ್ತು ಕಡಿಮೆಯೇ ಇರಬೇಕು. ಜಗತ್ತಿಗೆ ಮನೆಯಿಂದಲೇ ಮೀಟಿಂಗ್ ಮಾಡಲು ಕಲಿಸಿದ ಜೂಮ್, 2023ರಲ್ಲಿ ಕಚೇರಿಯಿಂದ 50 ಮೈಲಿಯೊಳಗಿರುವ ತನ್ನ ನೌಕರರನ್ನು ವಾರಕ್ಕೆರಡು ದಿನ ಬರಹೇಳಿತು. ಮರುವರ್ಷ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು, ಕೀಬೋರ್ಡ್ ಚಟುವಟಿಕೆಯ ಸೋಗು ಹಾಕಿದರೆಂದು ಹತ್ತಕ್ಕೂ ಹೆಚ್ಚು ಮಂದಿಯನ್ನು ಕೆಲಸದಿಂದ ತೆಗೆಯಿತು. ಬೆರಳಾಟವನ್ನೇ ಅಳೆದರೆ ಜನ ಬೆರಳಾಟವನ್ನೇ ಒದಗಿಸುತ್ತಾರೆ. ಬೆಂಗಳೂರಿನ ಹೊರ ವರ್ತುಲ ರಸ್ತೆ 2022ರ ಸೆಪ್ಟೆಂಬರಿನಲ್ಲಿ ಕೆರೆಯಾದಾಗ ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೊರಟವರನ್ನು ಊರೆಲ್ಲ ನೋಡಿತು. ಆ ನಿಷ್ಠಾವಂತರೂ ದಾರಿಯುದ್ದಕ್ಕೂ ತಮ್ಮ ಪಾಲಿಗೆ ಹಳದಿಯೇ.

ಆದಕಾರಣ ಕೋರಿಕೆ ಇಷ್ಟು. ಏನು ತೀರ್ಮಾನವಾಯಿತು, ಯಾಕಾಯಿತು ಎಂಬುದನ್ನು ತಂಡದವರು ಬರೆದಿಡುತ್ತಾರೆ. ಕೋಡ್ ರಿವ್ಯೂನಲ್ಲಿ ಒಂದು ಅಲ್ಪವಿರಾಮಕ್ಕೂ ಕಚ್ಚಾಡುತ್ತಾರೆ. ಹಾಜರಿ ಬೇಕಾದವರು ಅಲ್ಲಿ ಹುಡುಕಲಿ. ತಾವು ಲಾಕ್‌ಡೌನ್ ಕಾಲದಿಂದ ಬಿಡುವಿಲ್ಲದೆ ದುಡಿದಿದ್ದೀರಿ. ಬಾಕಿಯಿರುವ ಗಳಿಕೆ ರಜೆಯನ್ನು ಒಟ್ಟಿಗೇ ಹಾಕಬಹುದು, ಮಂಜೂರಾತಿಗೆ ತಡವಾಗದು.

ತಮ್ಮ ವಿಶ್ವಾಸಿ,
ಟೀಮ್ ಮೆಂಬರ್ 2

ಪ್ರತಿ: ವ್ಯವಸ್ಥಾಪಕರ ಮಾಹಿತಿಗಾಗಿ (ಸದ್ಯ ಮೀಟಿಂಗ್‌ನಲ್ಲಿದ್ದಾರೆ).