ವೆನಿಸ್ಸಿಗೆ ಒಂದು ಸ್ಟೇಷನ್ ಮುಂಚೆ

ಬೆನ್ನಿಗೆ ಚೀಲ ಏರಿಸಿಕೊಂಡು ದೇಶ ಸುತ್ತುವುದಕ್ಕೆ ಒಂದು ವಯಸ್ಸಿದೆ ಅಂತಾರೆ. ನಮ್ಮ ಗುಂಪಿಗೆ ಈ ಉಮೇದು ಹುಟ್ಟಿದ್ದು ಆ ವಯಸ್ಸು ದಾಟಿ, ಸೊಂಟಕ್ಕೆ ಬೆಲ್ಟು ಬಂದಮೇಲೆ. ಗುಂಪಿನಲ್ಲಿ ಶಿವಮೊಗ್ಗದವರೇ ಜಾಸ್ತಿ. ಭದ್ರಾವತಿಯವನು ಒಬ್ಬನೇ. ಅವನಪ್ಪ ಎಂಪಿಎಂನಲ್ಲಿದ್ದರು, ಹಾಗಾಗಿ ಕಾಲೇಜಿನಿಂದಲೂ ಅವನು ನಮಗೆಲ್ಲ 'ಪೇಪರ್ ಟೌನ್'. ಕಾಗದದ ಕಾರ್ಖಾನೆ ನಿಂತುಹೋಯಿತು, ಅವನ ಹೆಸರು ಮಾತ್ರ ಇನ್ನೂ ಮೂರು ಪಾಳಿಯಲ್ಲಿ ನಡೆಯುತ್ತಿದೆ.

ವೆನಿಸ್ಸಿನ ರೂಮುಗಳ ಬಾಡಿಗೆ ನೋಡಿದ ಕೂಡಲೇ ಎಲ್ಲರಿಗೂ ಒಟ್ಟಿಗೇ ವೈರಾಗ್ಯ ಬಂತು. ಕೊನೆಗೆ ಕೈಗೆಟುಕಿದ್ದು ಮೆಸ್ತ್ರೆಯ ಒಂದು ಹಾಸ್ಟೆಲ್ಲು. ವೆನಿಸ್ಸಿಗೆ ಹೋಗುವ ರೈಲು ಮೊದಲು ಮೆಸ್ತ್ರೆಯಲ್ಲಿ ನಿಲ್ಲುತ್ತದೆ. ಆಮೇಲೆ 1846ರಲ್ಲಿ ಉಪ್ಪುನೀರಿನ ಹರವಿನ ಮೇಲೆ ಕಟ್ಟಿದ ಉದ್ದದ ಸೇತುವೆ ಹತ್ತಿ, ಹತ್ತು ಹನ್ನೆರಡು ನಿಮಿಷಕ್ಕೆ ದ್ವೀಪ ಮುಟ್ಟುತ್ತದೆ. ವೆನಿಸ್ಸಿಗೆ ಬರುವವರಿಗೆ ಮೆಸ್ತ್ರೆಯ ಗೊಡವೆಯಿಲ್ಲ.

ಇದನ್ನು ಶಿವಮೊಗ್ಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನಿಂದ ರಾತ್ರಿ ರೈಲಿಗೆ ಬರುವ ನಮಗೆ ಭದ್ರಾವತಿ ಅಲಾರಮ್ಮಿನ ಕೆಲಸ ಮಾಡುತ್ತದೆ. ಭದ್ರಾವತಿ ಬಂತೆಂದರೆ ಹೊದಿಕೆ ಮಡಚಬೇಕು, ಬರ್ತಿನಡಿ ಕಾಲಾಡಿಸಿ ಇನ್ನೊಂದು ಚಪ್ಪಲಿ ಹುಡುಕಬೇಕು, ಮನೆಗೆ ಫೋನ್ ಹಚ್ಚಿ 'ಗೇಟು ತೆಗೆದಿಟ್ಟಿರಿ' ಅನ್ನಬೇಕು. ಅಲ್ಲೊಂದು ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ ಇದೆ, ನೋಡಿದರೆ ಕಣ್ಣು ತುಂಬುತ್ತದೆ ಎಂಬುದೆಲ್ಲ ಆ ಹೊತ್ತಿನಲ್ಲಿ ಯಾರಿಗೆ ಬೇಕು! ಪೇಪರ್ ಟೌನ್ ಈ ಅವಮಾನವನ್ನು ವರ್ಷಗಟ್ಟಲೆ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಅಂತ ಕಾಣುತ್ತದೆ.

ಚೀಲಗಳ ಸಮೇತ ಮೆಸ್ತ್ರೆಯಿಂದ ರೈಲು ಹತ್ತಿದೆವು (ಹಾಸ್ಟೆಲ್ಲಿನವರು ಮಧ್ಯಾಹ್ನ ಮೂರರ ತನಕ ಬಾಗಿಲು ತೆಗೆಯುವುದಿಲ್ಲವಂತೆ). ನಾವೆಲ್ಲ ಚರ್ಚಿನ ಗೋಪುರ ಯಾವಾಗ ಕಾಣುತ್ತದೋ ಎಂದು ಎದುರಿಗೆ ಕತ್ತು ಚಾಚಿದ್ದರೆ, ಅವನೊಬ್ಬ ಬಲಗಡೆಯ ಕಿಟಕಿಗೆ ಅಂಟಿಕೊಂಡಿದ್ದ. ಚಿಮಣಿ, ಕ್ರೇನು, ತುಕ್ಕು ಹಿಡಿದ ಕೊಳವೆ. "ಏಯ್, ನಮ್ಮೂರು ಕಣ್ರೋ!" ಎಂದು ಅವನು ಕೂಗಿದ್ದಕ್ಕೆ ಬೋಗಿಯಲ್ಲಿದ್ದವರೆಲ್ಲ ಎದ್ದು ನೋಡಿದರು. ಅದು ಮಾರ್ಗೇರಾ ಬಂದರು, ಕಾರ್ಖಾನೆಗಳ ಪ್ರದೇಶ. ಅದರ ಕೆಲಸ ಶುರುವಾದದ್ದು 1917ರಲ್ಲಿ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕೈಹಚ್ಚಿದ್ದು 1918ರಲ್ಲಿ. ಕೆಮ್ಮಣ್ಣುಗುಂಡಿಯ ಅದಿರು, ನಮ್ಮ ಕಾಡುಗಳ ಇದ್ದಿಲು ಸೇರಿ ಕಬ್ಬಿಣವಾದದ್ದು ಅಲ್ಲಿ. ಹೊಗೆ ಕುಡಿದವರು ಭದ್ರಾವತಿಯವರು, 'ಮಲೆನಾಡಿನ ಹೆಬ್ಬಾಗಿಲು' ಎಂಬ ಬಿರುದು ಶಿವಮೊಗ್ಗಕ್ಕೆ. "ಇಲ್ಲೂ ಅದೇ ಕಥೆ" ಎಂದ ಪೇಪರ್ ಟೌನ್. ನಾನು ಕೆಮ್ಮಿದೆ.

ಸಾಂತಾ ಲೂಚಿಯಾ ನಿಲ್ದಾಣದ ಬಾಗಿಲು ದಾಟಿದರೆ ಆಟೋ ಸ್ಟ್ಯಾಂಡು ಇರಬೇಕಾದ ಜಾಗದಲ್ಲಿ ದೊಡ್ಡ ಕಾಲುವೆಯೇ ಇದೆ! ಎಂಥವನೂ ಮೆಟ್ಟಿಲ ಮೇಲೆ ಗಕ್ಕನೆ ನಿಂತು ಫೋನು ಎತ್ತುತ್ತಾನೆ. ಹಿಂದಿನವನು ಬಂದು ಅವನ ಬೆನ್ನಿಗೆ ಗುದ್ದುತ್ತಾನೆ. ಗಣಪತಿ ಬಿಡುವ ದಿನದ ಗಾಂಧಿ ಬಜಾರಿನಂತೆ ಇಲ್ಲೂ ಕಾಲಿಗೆ ಕೆಲಸವಿಲ್ಲ, ಜನವೇ ಹೊತ್ತುಕೊಂಡು ಹೋಗುತ್ತಾರೆ. ಹಾಗೆ ಹೊತ್ತೊಯ್ದು ನನ್ನನ್ನೂ ಪೇಪರ್ ಟೌನನ್ನೂ ದೋಣಿಬಸ್ಸಿನೊಳಗೆ ಎಸೆದರು. ಮಿಕ್ಕವರು ದಡದಲ್ಲೇ ಉಳಿದರು. ದೋಣಿಯ ಹುಡುಗ ಕಬ್ಬಿಣದ ಗೂಟಕ್ಕೆ ಸುತ್ತಿದ್ದ ದಪ್ಪ ಹಗ್ಗವನ್ನು ಒಂದೇ ಕೈಯಲ್ಲಿ ಬಿಡಿಸಿ, ಗೇಟನ್ನು ದರ್ರನೆ ಎಳೆದ. ಥೇಟ್ ನಮ್ಮ ಸಿಟಿ ಬಸ್ ಕಂಡಕ್ಟರನ ಗತ್ತು. ಟಿಕೆಟ್ ಒಂಬತ್ತೂವರೆ ಯೂರೋ. ಆ ದುಡ್ಡಲ್ಲಿ ಶಿವಮೊಗ್ಗಕ್ಕೂ ಭದ್ರಾವತಿಗೂ ಎಷ್ಟು ದಿನ ಓಡಾಡಬಹುದೆಂದು ಪಕ್ಕದಲ್ಲೇ ಲೆಕ್ಕ ಶುರುವಾಯಿತು.

ಅಷ್ಟರಲ್ಲಿ ತರಕಾರಿಯ ಗಾಲಿಚೀಲ ಹಿಡಿದಿದ್ದ ಒಬ್ಬ ಅಜ್ಜಿ ನನ್ನ ಬೆನ್ನಿನ ಚೀಲಕ್ಕೆ ಬೆರಳಿಂದ ತಿವಿದು ಏನೋ ಅಂದರು. ಇಟಾಲಿಯನ್ ಬಾರದಿದ್ದರೂ ಬೈಗುಳ ಪೂರ್ತಿ ಅರ್ಥವಾಯಿತು: ಇಳಿಸು ಅದನ್ನ. ಇಳಿಸಿದೆ. ಪಾಪ, ಅವರ ಸಂಕಟವೂ ಸಣ್ಣದಲ್ಲ. ದ್ವೀಪದಲ್ಲೀಗ 50,000 ಜನವೂ ವಾಸವಿಲ್ಲ, ಭದ್ರಾವತಿಯ ಮೂರನೇ ಒಂದು ಪಾಲು ಅನ್ನಿ. ಸೊಪ್ಪು ತರಲು ಹೊರಟರೂ ನಮ್ಮಂಥವರ ಚೀಲ ದಾಟಿಯೇ ಹೋಗಬೇಕು. 2024ರಿಂದ ಕೆಲವು ದಿನಗಳಂದು, ಬೆಳಗ್ಗೆ ಬಂದು ಸಂಜೆ ಹೋಗುವವರಿಗೆ ಐದು ಯೂರೋದಿಂದ ಶುರುವಾಗುವ ಪ್ರವೇಶ ಶುಲ್ಕ ಹಾಕಿದ್ದಾರೆ. ಸಂಜೆ ನಾಲ್ಕರ ಮೇಲೆ ಬಂದರೆ ಪುಕ್ಕಟೆ. ಮೆಸ್ತ್ರೆಯಲ್ಲಿ ರಾತ್ರಿ ತಂಗುವವರಿಗೂ ಮಾಫಿ, ಏಕೆಂದರೆ ಅದೂ ವೆನಿಸ್ ನಗರಸಭೆಗೇ ಸೇರಿದ್ದು. ಇದನ್ನು ಕೇಳಿದ ಮೇಲಂತೂ ಪೇಪರ್ ಟೌನ್ ಮೆಸ್ತ್ರೆಯ ಅಳಿಯನ ಹಾಗೆ ನಡೆಯತೊಡಗಿದ.

ರಾತ್ರಿ ಹಾಸ್ಟೆಲ್ಲಿಗೆ ಬಂದರೆ ಕೌಂಟರಿನಲ್ಲಿ ಮೆಸ್ತ್ರೆಯದೇ ಹುಡುಗ. ಸಾನ್ ಮಾರ್ಕೋ ಚೌಕಕ್ಕೆ ಕಾಲಿಟ್ಟು ಎಷ್ಟು ವರ್ಷವಾಯಿತೋ ನೆನಪಿಲ್ಲ ಅಂದ. ನೆಂಟರು ಬಂದ ಹೊರತು ಜೋಗಕ್ಕೆ ಹೋಗದ ನಮಗೆ ಅವನು ಬಹಳ ಹಿಡಿಸಿದ. ನಿಮ್ಮೂರು ಯಾವುದು ಅಂದ. ಫೋನಿನಲ್ಲಿ ಜೋಗದ ಪಟ ತೋರಿಸಿದೆವು. ಹುಬ್ಬೇರಿಸಿ ನೋಡಿ, "ಇಷ್ಟು ನೀರು ಯಾವಾಗಲೂ ಇರುತ್ತಾ?" ಎಂದು ಕೇಳಿಯೇಬಿಟ್ಟ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದಮೇಲೆ ಬೆಂಗಳೂರಿನ ನೆಂಟರೆಲ್ಲ ಹೊರಡುವ ಮುಂಚೆ ಕೇಳುವ ಪ್ರಶ್ನೆಯೇ ಇದು.

"ಆಗಸ್ಟಿನಲ್ಲಿ ಬಾಪ್ಪ" ಅಂದೆ. "ಬೆಂಗಳೂರಿಂದ ರಾತ್ರಿ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ಶಿವಮೊಗ್ಗ."

"ಅಲ್ಲೀತನಕ ಯಾಕೆ?" ಎಂದು ಪೇಪರ್ ಟೌನ್ ಮಧ್ಯೆ ಬಾಯಿ ಹಾಕಿದ. "ಒಂದು ಸ್ಟೇಷನ್ ಮುಂಚೇನೇ ಇಳಿ. ರೂಮು ಚೀಪು."