‘ಹೀ’ ಸರ್ವನಾಮದ ಉದರಮೀಮಾಂಸೆ

ಪ್ರಸ್ತುತ ಸಂಪ್ರಬಂಧವು ಇಂಗ್ಲಿಷಿನ ‘ಹೀ’ ಎಂಬ ಪುಲ್ಲಿಂಗ ಸರ್ವನಾಮದ ಸ್ತ್ರ್ಯಂತರ್ಗ್ರಾಹಿತ್ವವನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಅನುಸಂಧಾನಿಸುತ್ತದೆ. ಅಂದರೆ, ‘ಅವನು’ ಎಂದಾಗ ಅವಳೂ ಒಳಗಿದ್ದಾಳೆಯೇ? ಹೀಗೆ ಕೇಳಿದರೆ ಯಾರೂ ಪಿಎಚ್.ಡಿ. ಕೊಡುವುದಿಲ್ಲ.

ಪೂರ್ವಪಕ್ಷ: ಇದ್ದಾಳೆ. ಪ್ರಮಾಣ: ಶಾಸನಭಾಷೆಯನ್ನು ಚಿಕ್ಕದು ಮಾಡಲೆಂದೇ ಬ್ರಿಟಿಷ್ ಪಾರ್ಲಿಮೆಂಟು 1850ರಲ್ಲಿ ತಂದ ಕಾಯ್ದೆ. ಬೇರೆ ರೀತಿ ಸ್ಪಷ್ಟವಾಗಿ ಹೇಳದ ಹೊರತು ಪುಲ್ಲಿಂಗದಲ್ಲಿ ಸ್ತ್ರೀಯೂ ಅಡಕವೆಂದು ತಿಳಿಯತಕ್ಕದ್ದು. ‘ಮೇಲ್ಕಂಡ, ಇಲ್ಲಿಂದ ಮುಂದೆ ಕಾಣಿಸಲಾಗುವ, ತತ್ಸಂಬಂಧಿತ’ ಎಂದು ಪುಟ ತುಂಬಿಸುವವರಿಗೆ ‘ಆರ್ ಶೀ’ ಎಂಬೆರಡು ಪದ ಭಾರವಾಗಿತ್ತು.

ಸದರಿ ಉದರವು ತ್ರಿವಿಧ. ಪ್ರಥಮ, ದಂಡಗ್ರಾಹಿ ‘ಹೀ’: ತೆರಿಗೆ, ಜುಲ್ಮಾನೆ, ಜೈಲು ಎಂದೊಡನೆ ಹೆಂಗಸನ್ನು ನುಂಗಿ, ಅಗಸ್ತ್ಯರಂತೆ ಹೊಟ್ಟೆ ಸವರಿಕೊಂಡು ‘ಜೀರ್ಣೋ ಭವ’ ಎನ್ನುತ್ತದೆ. ದ್ವಿತೀಯ, ಮತವಮನಿ ‘ಹೀ’: ಮತಪೆಟ್ಟಿಗೆ ಕಂಡೊಡನೆ ವಾಂತಿ. ತೃತೀಯ... ಇರಲಿ ಬಿಡಿ, ಎರಡನೆಯದೇ ಸಾಕಷ್ಟು ನಾರುತ್ತಿದೆ.

ಬ್ರಿಟನ್ನಿನ 1867ರ ಮತದಾನ ಸುಧಾರಣೆಯ ಮಸೂದೆಯಲ್ಲಿ ‘ಮ್ಯಾನ್’ ತೆಗೆದು ‘ಪರ್ಸನ್’ ಹಾಕಿ ಎಂದು ಸಂಸದ ಜಾನ್ ಸ್ಟುವರ್ಟ್ ಮಿಲ್ ಕೇಳಿದರು. ಪರ 73, ವಿರುದ್ಧ 196. ಮರುವರ್ಷ ಮ್ಯಾಂಚೆಸ್ಟರಿನ ಐದು ಸಾವಿರಕ್ಕೂ ಹೆಚ್ಚು ಹೆಂಗಸರ ಹಕ್ಕಿನ ಪ್ರಶ್ನೆ ಕೋರ್ಟು ಮುಟ್ಟಿತು. ನಿಮ್ಮದೇ 1850ರ ಕಾಯ್ದೆಯಂತೆ ‘ಮ್ಯಾನ್’ ಅಂದರೆ ನಾವೂ ತಾನೇ? ಅಲ್ಲ, ಎಂದಿತು ಕೋರ್ಟು. ಅಮೆರಿಕದಲ್ಲಿ 1872ರಲ್ಲಿ ಸೂಸನ್ ಆಂಥನಿ ಓಟು ಹಾಕಿದರು. ನೂರು ಡಾಲರ್ ದಂಡ ಬಿತ್ತು. ಅವರ ಮೇಲೆ ಹೇರಿದ ಕಾನೂನಿನ ಸರ್ವನಾಮಗಳೆಲ್ಲ ಪುಲ್ಲಿಂಗದವೇ! ಆಕೆ ಅದನ್ನೇ ಎತ್ತಿ ಆಡಿದರು, ದಂಡವನ್ನೂ ಕಟ್ಟಲಿಲ್ಲ. ತಪ್ಪು ಹೊರಿಸುವಾಗ ಅವಳು ಗಂಡಸು, ಓಟು ಕೇಳಿದಾಗ ಹೆಂಗಸು. ಈ ದಗಲ್ಬಾಜಿಗೆ ವ್ಯಾಕರಣವೆಂದು ಹೆಸರಿಟ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದರಲ್ಲ, ನಾಚಿಕೆಯಾಗಲಿಲ್ಲವೇ?

‘ಹೀ’ ಬದಲು ಒಬ್ಬರಿಗೆ ‘ದೇ’ ಬಳಸಿದರೆ ಅರ್ಥ ಮಸುಕಾಗುತ್ತದೆಂದು ಈಗಲೂ ಪಂಡಿತರು ಹಣೆ ಚಚ್ಚಿಕೊಳ್ಳುತ್ತಾರೆ. ಆ ಬಳಕೆ 14ನೇ ಶತಮಾನದಿಂದ ಇದೆ. ಒಂದು ಕಾಲಕ್ಕೆ ಬಹುವಚನವೇ ಆಗಿದ್ದ ‘ಯೂ’ ಇಂದು ಒಬ್ಬರಿಗೂ ಸಲ್ಲುತ್ತದೆ. ಅದರಿಂದ ಈಗ ಯಾವ ಪಂಡಿತರಿಗೂ ತಲೆ ತಿರುಗುತ್ತಿಲ್ಲ. ಗಂಡು ಹೆಣ್ಣು ಇಬ್ಬರಿಗೂ ಸಲ್ಲುವ ‘ಥಾನ್’ ಎಂಬ ಹೊಸ ಸರ್ವನಾಮವನ್ನೂ ಟಂಕಿಸಿ ನೋಡಿದರು; 1934ರ ವೆಬ್‌ಸ್ಟರ್ ನಿಘಂಟು ಸೇರಿಸಿತು, 1961ರದು ಕೈಬಿಟ್ಟಿತು.

ಸಿದ್ಧಾಂತ: ನಮ್ಮ 2023ರ ಭಾರತೀಯ ನ್ಯಾಯ ಸಂಹಿತೆಯ ಇಂಗ್ಲಿಷ್ ಪಾಠದಲ್ಲಿ ‘ಹೀ’ ಅಂದರೆ ಗಂಡು, ಹೆಣ್ಣು, ಟ್ರಾನ್ಸ್‌ಜೆಂಡರ್ ಎಲ್ಲರೂ. ದಂಡಸಂಹಿತೆ ತಾನೇ, ಒಳಗೆ ಜಾಗ ಧಾರಾಳ.