ಹತ್ತು ಜನ ಆಗಿದ್ದಾರೆ, ನೀನೊಬ್ಬನೇ ಬಾಕಿ

ಶನಿವಾರ ರಾತ್ರಿ ಹತ್ತರ ಮೇಲೆ ಫೋನ್ ಬಂದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ, ಊರಲ್ಲಿ ಯಾರಿಗೆ ಏನಾಯಿತೋ ಎಂದು. ನನಗೆ ಹಾಗಾಗುವುದಿಲ್ಲ. ಯಾರಿಗೂ ಏನೂ ಆಗಿಲ್ಲ, ನಮ್ಮ ಕ್ಯಾಪ್ಟನ್‌ಗೆ ಹನ್ನೊಂದು ಜನ ಆಗಿಲ್ಲ, ಅಷ್ಟೇ ಎಂದು ಗೊತ್ತಿರುತ್ತದೆ.

“ಹತ್ತು ಜನ ಆಗಿದ್ದಾರೆ ಕಣೋ. ನೀನೊಬ್ಬನೇ ಬಾಕಿ.”

ಮೊದಲ ಸಲ ಈ ಮಾತು ಕೇಳಿದಾಗ ನನಗೆ ಇಪ್ಪತ್ತಮೂರು ವರ್ಷ. ಹತ್ತು ಜನ ಬ್ಯಾಟು ಹಿಡಿದು ನನ್ನ ದಾರಿ ಕಾಯುತ್ತಿದ್ದಾರೆಂದು ನಿದ್ದೆಯೇ ಬರಲಿಲ್ಲ. ನಾಲ್ಕು ಭಾನುವಾರ ಕಳೆದ ಮೇಲೆ, ಮ್ಯಾಟ್ ಹಾಸುತ್ತಾ ಮಾತಿಗೆ ಮಾತು ಬಂದು ಗುಟ್ಟು ರಟ್ಟಾಯಿತು. ಹಿಂದಿನ ರಾತ್ರಿ ಎಲ್ಲರಿಗೂ ಅದೇ ಮಾತು ಹೋಗಿತ್ತು. ಮೊಟ್ಟಮೊದಲು ಫೋನ್ ಹೋದವನಿಗೂ! ಅಂದರೆ ಒಬ್ಬನೂ ಆಗುವ ಮೊದಲೇ ಹತ್ತು ಜನ ಆಗಿಬಿಟ್ಟಿದ್ದರು. ಹೋಗಿ ಕೇಳಿದೆವು. ಕ್ಯಾಪ್ಟನ್ ಸ್ವಲ್ಪವೂ ಅಳುಕದೆ, “ಸುಳ್ಳೇನು ಬಂತು ಅದರಲ್ಲಿ? ನಾನು ಸ್ವಲ್ಪ ಮುಂಚೆ ಹೇಳಿದೆ, ನೀವು ಸ್ವಲ್ಪ ತಡವಾಗಿ ಆದ್ರಿ” ಎಂದರು.

ಈ ಲೆಕ್ಕಾಚಾರದಿಂದ ಕೆಲವು ಭಾನುವಾರ ಹದಿನಾಲ್ಕು ಜನ ಬರುತ್ತಿದ್ದೆವು, ಕೆಲವು ಭಾನುವಾರ ಏಳು. ಹದಿನಾಲ್ಕಾದ ದಿನ ಮೂವರಿಗೆ ಮಸಾಲೆದೋಸೆ ಕೊಡಿಸಿ ಸಮಾಧಾನ ಮಾಡಬೇಕಿತ್ತು. ಏಳಾದ ದಿನದ್ದೇ ಕಷ್ಟ. ಲೀಗ್ ಎಂದರೆ ಗಲ್ಲಿ ಕ್ರಿಕೆಟ್ಟಲ್ಲ, ಹೆಸರು ನೋಂದಾಯಿಸದವನನ್ನು ದಾರಿಯಿಂದ ಎಳೆತಂದು ನಿಲ್ಲಿಸುವಂತಿಲ್ಲ. ಆದ್ದರಿಂದ ಕ್ಯಾಪ್ಟನ್ ದಾರಿಯಲ್ಲಿ ಸಿಗಬಹುದಾದವರನ್ನೆಲ್ಲ ಸೀಸನ್ನಿಗೆ ಮೊದಲೇ ನೋಂದಾಯಿಸಿಬಿಡುತ್ತಿದ್ದರು. ಮೈದಾನದ ಪಕ್ಕದ ಎಳನೀರಿನವನ ಮಗ, ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಬ್ಯಾಂಕಿನವನು, ಒಂದು ವರ್ಷ ಅವರ ಹಲ್ಲಿನ ಡಾಕ್ಟರು ಕೂಡ ನಮ್ಮ ಕ್ಲಬ್ಬಿನ ಆಟಗಾರರಾಗಿದ್ದರು. ಡಾಕ್ಟರಿಗೆ ಆ ವಿಷಯ ಗೊತ್ತಿತ್ತೋ ಇಲ್ಲವೋ ನಾನು ಕಾಣೆ. ಫೋಟೋ ಮಾತ್ರ ಹಲ್ಲು ಕಾಣಿಸುವಂತೆ ಚೆನ್ನಾಗಿತ್ತು.

ಇಂಥ ಕ್ಯಾಪ್ಟನ್ ಬೆಂಗಳೂರಿನ ಕೆಳಗಿನ ಡಿವಿಜನ್ನಿನ ಪ್ರತಿ ಕ್ಲಬ್ಬಿಗೂ ಒಬ್ಬರು ಇದ್ದೇ ಇರುತ್ತಾರೆ. ಕ್ಯಾಪ್ಟನ್ ಎನ್ನುವುದು ಕರೆಯಲಿಕ್ಕೆ. ನಿಜದಲ್ಲಿ ಅವರೇ ಸೆಕ್ರೆಟರಿ, ಅವರೇ ಖಜಾಂಚಿ, ಅವರೇ ಆಯ್ಕೆ ಸಮಿತಿ, ಅವರ ಮನೆಯ ಅಟ್ಟವೇ ಕ್ಲಬ್ ಹೌಸು. ಬಾಲು ಕೊಳ್ಳಲು ನಾವು ತಲೆಗಿಷ್ಟೆಂದು ಕೊಡಬೇಕಿತ್ತು, ಕೊಡುತ್ತಿದ್ದವರು ಮೂವರು. ಉಳಿದದ್ದಕ್ಕೆ ಪ್ರಾಯೋಜಕರು ಕ್ಯಾಪ್ಟನ್ ಅವರ ಮನೆಯಾಕೆ. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಹನ್ನೊಂದು ಜನರಿಗೆ ಚಿತ್ರಾನ್ನ ಕಟ್ಟಿಕೊಡುತ್ತಾ, “ಇವರು ಆಡೋದು ಆರು ಓವರು, ನಾನು ತೆಂಗಿನಕಾಯಿ ತುರಿಯೋದು ಐವತ್ತು ಓವರು” ಎನ್ನುತ್ತಿದ್ದರು. ಆ ಆರು ಓವರಿನ ವಿಷಯ ನಾನು ಹೇಳದಿರುವುದೇ ಮೇಲು. 1971ರಲ್ಲಿ ಓವಲ್‌ನಲ್ಲಿ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ತೆಗೆದು ಇಂಗ್ಲೆಂಡನ್ನು ಮಲಗಿಸಿದ ದಿನದಿಂದ ತಾವೂ ಗೂಗ್ಲಿ ಹಾಕುತ್ತಿರುವುದಾಗಿ ಕ್ಯಾಪ್ಟನ್ ಹೇಳುತ್ತಿದ್ದರು. ಆಗ ಅವರಿಗೆ ಎಂಟು ವರ್ಷ. ಬಾಲು ಇನ್ನೂ ತಿರುಗಬೇಕಾಗಿದೆ.

ನೆನಪುಗಳು ಮಾತ್ರ ಚೆನ್ನಾಗಿ ತಿರುಗುತ್ತಿದ್ದವು. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಮೊದಲ ಟೆಸ್ಟ್ ನಡೆದದ್ದು 1974ರ ನವೆಂಬರ್‌ನಲ್ಲಿ, ವೆಸ್ಟ್ ಇಂಡೀಸ್ ಎದುರು. ರಿಚರ್ಡ್ಸ್ ಮತ್ತು ಗ್ರೀನಿಜ್ ಇಬ್ಬರಿಗೂ ಅದೇ ಚೊಚ್ಚಲ ಟೆಸ್ಟು. ನಾನು ಕ್ಲಬ್ಬಿಗೆ ಸೇರಿದ ವರ್ಷ ಹೇಳಿದ ಕತೆಯಲ್ಲಿ ಕ್ಯಾಪ್ಟನ್ ಆ ಆಟದ ದಿನ ಗೇಟಿನ ಹೊರಗೆ ನಿಂತು, ಜನರ ಕೂಗಿನಲ್ಲೇ ಸ್ಕೋರು ಊಹಿಸಿದ್ದರು. ಐದು ವರ್ಷದ ಮೇಲೆ ಗ್ಯಾಲರಿಯಲ್ಲಿದ್ದರು. ಈಚೆಗೆ ಸೈಟ್ ಸ್ಕ್ರೀನ್ ಹತ್ತಿರ ಸರಿದಿದ್ದಾರೆ. ಇನ್ನೆರಡು ಸೀಸನ್ ಕಳೆದರೆ ಗ್ರೀನಿಜ್‌ಗೆ ಬೌಲ್ ಮಾಡುತ್ತಾರೆಂದು ನನಗೆ ಭಯ.

ಮ್ಯಾಟ್ ವಿಷಯ ಹೇಳಬೇಕು. ಮೇಲಿನ ಡಿವಿಜನ್ನಿನವರಿಗೆ ಹುಲ್ಲಿನ ವಿಕೆಟ್ಟು, ನಮ್ಮಂಥವರಿಗೆ ಮ್ಯಾಟು. ಸುರುಳಿ ಸುತ್ತಿದ ಮ್ಯಾಟನ್ನು ನಾಲ್ಕು ಜನ ಹೆಗಲ ಮೇಲೆ ಹೊತ್ತು ತಲೆತಗ್ಗಿಸಿಕೊಂಡು ಹೊರಟರೆ, ಬೆಳಗಿನ ವಾಕಿಂಗಿಗೆ ಬಂದ ಹಿರಿಯರೊಬ್ಬರು ಚಪ್ಪಲಿ ಬಿಟ್ಟು ಕೈಮುಗಿದದ್ದೂ ಉಂಟು. ಅದನ್ನು ಹಾಸಿ, ಒಂದು ಸುಕ್ಕೂ ಇಲ್ಲದಂತೆ ಎಳೆದು, ಅಂಚಿಗೆಲ್ಲ ಮೊಳೆ ಹೊಡೆಯಬೇಕು. ಎಳೆಯುವಾಗ ಕ್ಯಾಪ್ಟನ್, “ಪ್ರಸನ್ನ, ಚಂದ್ರ, ವಿಶಿ, ಎಲ್ಲಾ ಮ್ಯಾಟ್ ಮೇಲೇ ಬೆಳೆದವರು ಕಣ್ರೋ!” ಎಂದು ಹುರಿದುಂಬಿಸುತ್ತಿದ್ದರು. ಅವರು ಮ್ಯಾಟ್ ಮೇಲೆ ಬೆಳೆದರು, ನಾವು ಮ್ಯಾಟ್ ಕೆಳಗೇ ಉಳಿದೆವು. ಮೊಳೆ ಹೊಡೆಯುವ ಸುತ್ತಿಗೆಯ ಜವಾಬ್ದಾರಿ ನನ್ನದು. ನನ್ನ ಬ್ಯಾಟಿಂಗ್, ಬೌಲಿಂಗ್, ಫೀಲ್ಡಿಂಗ್ ಮೂರನ್ನೂ ಒಂದು ಸೀಸನ್ ಪೂರ್ತಿ ಪರೀಕ್ಷಿಸಿದ ಮೇಲೆ ಕ್ಯಾಪ್ಟನ್ ನನಗೆ ವಹಿಸಿದ ಕೆಲಸ ಅದು. ಸುತ್ತಿಗೆ ನನ್ನ ಸ್ಕೂಟರಿನ ಡಿಕ್ಕಿಯಲ್ಲೇ ವಾಸವಾಗಿತ್ತು.

ಈಗ 2004ಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿಬಳಸಿ ಬಂದದ್ದೇ ಇದಕ್ಕೆ.

ಆ ಶನಿವಾರ ರಾತ್ರಿ ಫೋನ್ ಬಂದಾಗ ನಾನು ಗಟ್ಟಿಯಾಗಿ ಹೇಳಿದೆ: “ಸಾರ್, ನಾಳೆ ಆಗಲ್ಲ. ನಾಳೆ ನನ್ನ ನಿಶ್ಚಿತಾರ್ಥ.”

ಆ ಕಡೆ ಕ್ಷಣಹೊತ್ತು ಮೌನ. ಅಭಿನಂದನೆ ಬರಬಹುದೆಂದು ಕಾದೆ.

“ಎಷ್ಟೊತ್ತಿಗೆ?”

“ಒಂಬತ್ತೂವರೆಯಿಂದ ಹನ್ನೊಂದು.”

“ಛತ್ರ ಎಲ್ಲಿ?”

ಹೇಳಿದೆ. ಹೇಳಬಾರದಿತ್ತು.

“ಗ್ರೌಂಡಿಂದ ಹತ್ತು ನಿಮಿಷ! ನೋಡು, ಟಾಸ್ ಗೆದ್ದರೆ ಬ್ಯಾಟಿಂಗ್ ತಗೋತೀನಿ. ನಿಂದು ಹನ್ನೊಂದನೇ ನಂಬರು. 50 ಓವರ್ ಮ್ಯಾಚು, ಹನ್ನೆರಡರ ಒಳಗೆ ನಿನ್ನ ಪಾಳಿ ಎಲ್ಲಿ ಬರತ್ತೆ? ತಾಂಬೂಲ ಬದಲಾಯಿಸಿಕೊಂಡು ಆರಾಮಾಗಿ ಬಾ. ನಿಶ್ಚಿತಾರ್ಥ ತಾನೇ, ಮದುವೆ ಅಲ್ವಲ್ಲ.”

ಈ ಲೆಕ್ಕದಲ್ಲಿ ಒಂದೇ ದೋಷ. ನಮ್ಮ ತಂಡ ಪೂರ್ತಿ 50 ಓವರ್ ಆಡಿದ್ದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ.

ಪುರೋಹಿತರು ಲಗ್ನಪತ್ರಿಕೆ ಓದಲು ಕನ್ನಡಕ ಏರಿಸುವ ಹೊತ್ತಿಗೆ, ನನ್ನ ಮೊಬೈಲ್ ಇಟ್ಟುಕೊಂಡಿದ್ದ ತಮ್ಮ ಬಂದು ಕಿವಿಯಲ್ಲಿ “ಆರು ಹೋಯ್ತಂತೆ” ಎಂದ. ಗೋತ್ರ ಪ್ರವರ ಮುಗಿಯುವಷ್ಟರಲ್ಲಿ ಮತ್ತೆ ಬಂದು “ಎಂಟು” ಎಂದ. ಪಕ್ಕದಲ್ಲಿ ಕೂತಿದ್ದ ಹುಡುಗಿಯ ಸೋದರಮಾವ ನನ್ನತ್ತ ಬಗ್ಗಿದರು. ಬಂಗಾರವೋ ಸೀರೆಯೋ ಎಣಿಸುತ್ತಿದ್ದೇವೆಂದು ತಿಳಿದರೇನೋ ಎಂದು ನಾನು ಬೆವೆತೆ.

“ಸ್ಕೋರ್ ಎಷ್ಟು?” ಎಂದು ಪಿಸುಗುಟ್ಟಿದರು.

“ಅರವತ್ತೊಂದು.”

“ಥತ್” ಎಂದು ಎದ್ದರು. “ಪತ್ರಿಕೆ ಓದಿ ಆಯ್ತಲ್ಲ, ನಾನು ಸ್ಕೂಟರ್ ತೆಗೀತೀನಿ.”

ರೇಷ್ಮೆ ಪಂಚೆ, ಹಣೆಯ ಮೇಲೆ ಕುಂಕುಮ, ಕೈಯಲ್ಲಿ ಬಿಡಲು ಮರೆತ ತೆಂಗಿನಕಾಯಿ. ಹೀಗೆ ಭಾವೀ ಸೋದರಮಾವನ ಚೇತಕ್ ಸ್ಕೂಟರಿನ ಹಿಂದೆ ನಾನು ಹೊರಟೆ.

ಮೈದಾನದಲ್ಲಿ ಆಗ ಒಂಬತ್ತನೇ ವಿಕೆಟ್ ಬಿದ್ದಿತ್ತು. ಹೊಸ ಬ್ಯಾಟ್ಸ್‌ಮನ್ ಮೂರು ನಿಮಿಷದೊಳಗೆ ಸಿದ್ಧನಾಗಬೇಕು, ಇಲ್ಲದಿದ್ದರೆ ಔಟ್ ಎಂಬುದು ನಿಯಮ. ಆ ತುದಿಯಲ್ಲಿ ಔಟಾಗದೆ ನಿಂತಿದ್ದ ಕ್ಯಾಪ್ಟನ್ ಬಗ್ಗಿ ಮ್ಯಾಟ್ ಮುಟ್ಟಿ ನೋಡಿ, “ಸಾರ್, ಅಂಚು ಎದ್ದಿದೆ, ಹುಡುಗರಿಗೆ ಪೆಟ್ಟಾಗತ್ತೆ, ಮೊಳೆ ಹೊಡೀಬೇಕು” ಎಂದು ಅಂಪೈರಿಗೆ ಹೇಳಿದರಂತೆ. ಅಂಪೈರ್ ಒಪ್ಪಿ ಗಡಿಯಾರ ನಿಲ್ಲಿಸಿದರು. ಸುತ್ತಿಗೆಗಾಗಿ ಹುಡುಕಾಟ ನಡೆಯಿತು. ಸುತ್ತಿಗೆ ನನ್ನ ಸ್ಕೂಟರಿನ ಡಿಕ್ಕಿಯಲ್ಲಿತ್ತು. ಸ್ಕೂಟರು ಛತ್ರದ ಮುಂದಿತ್ತು. ಇದು ಕ್ಯಾಪ್ಟನ್‌ಗೆ ಚೆನ್ನಾಗಿ ಗೊತ್ತಿತ್ತು, ಆದರೂ ಕಿಟ್ ಬ್ಯಾಗನ್ನು ಎರಡು ಸಲ ತಲೆಕೆಳಗು ಮಾಡಿಸಿದರು. ಕೊನೆಗೆ ಎದುರಾಳಿ ತಂಡದವರು ತಮ್ಮ ಸುತ್ತಿಗೆಯನ್ನೇ ತಂದುಕೊಟ್ಟು ಎಲ್ಲ ಹಾಳುಮಾಡಿದರು. ಎರಡೇಟಿಗೆ ಮೊಳೆ ಕೂತಿತು. ಗಡಿಯಾರ ಮತ್ತೆ ಓಡಿತು.

ನಾನು ಪಂಚೆ ಎತ್ತಿಕಟ್ಟಿ, ಒಂದೇ ಕಾಲಿಗೆ ಪ್ಯಾಡ್ ಬಿಗಿದು ಓಡಿಬರುವಾಗ ಎದುರಾಳಿಗಳು ಅಪೀಲ್ ಮಾಡಿದರು. ಅಂಪೈರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬೆರಳೆತ್ತುವ ಮೊದಲು ಒಮ್ಮೆ ಕಣ್ಣು ಮುಚ್ಚಿದರು.

ಸ್ಕೋರರ್ ‘ಆಬ್ಸೆಂಟ್’ ಎಂದು ಬರೆಯಹೊರಟ. ಕ್ಯಾಪ್ಟನ್ ಅವನ ಕೈ ಹಿಡಿದರು. “ನಮ್ಮ ಹುಡುಗ ಯಾವತ್ತೂ ಆಬ್ಸೆಂಟ್ ಆಗಿಲ್ಲ. ಟೈಮ್ಡ್ ಔಟ್ ಅಂತ ಬರಿ.”

ಲಂಚ್ ಬ್ರೇಕಿನಲ್ಲಿ ಇಡೀ ತಂಡ ಛತ್ರಕ್ಕೆ ಬಂತು. ಕರೆದದ್ದು ಯಾರೆಂದು ಇಂದಿಗೂ ತೀರ್ಮಾನವಾಗಿಲ್ಲ. ಸೋದರಮಾವನ ಮೇಲೆ ನನಗೆ ಅನುಮಾನ. ಮಣ್ಣು ಮೆತ್ತಿದ ಬಿಳಿ ಪ್ಯಾಂಟುಗಳು ಸಾಲಾಗಿ ಬಾಳೆಎಲೆಯ ಮುಂದೆ ಕೂತವು. ನಾನು ಮೂಲೆಯಲ್ಲಿ ಮಾವನವರ ಮುಖ ನೋಡಲಾರದೆ ನಿಂತಿದ್ದೆ. ಬಡಿಸುವ ಭಟ್ಟರು ಕೋಸಂಬರಿ ಹಿಡಿದು ಕೂಗಿದರು: “ಹತ್ತು ಜನ ಆಗಿದ್ದಾರೆ, ನೀವೊಬ್ಬರೇ ಬಾಕಿ, ಬನ್ನಿ!” ಮದುವೆಯಾಗಲಿದ್ದ ಹುಡುಗಿ ಆ ದಿನ ಮೊದಲ ಸಲ ನಕ್ಕಳು. ಮುಂದಿನ ಸೀಸನ್ನಿಂದ ಸೋದರಮಾವ ನಮ್ಮ ಸ್ಕೋರರ್.

2023ರ ನವೆಂಬರ್‌ನಲ್ಲಿ, ದೆಹಲಿಯ ವಿಶ್ವಕಪ್ ಆಟದಲ್ಲಿ ಶ್ರೀಲಂಕಾದ ಏಂಜೆಲೊ ಮ್ಯಾಥ್ಯೂಸ್ ಹೆಲ್ಮೆಟ್ಟಿನ ಪಟ್ಟಿ ಕಿತ್ತುಹೋಗಿ ಟೈಮ್ಡ್ ಔಟ್ ಆದಾಗ, ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ಹಾಗೆ ಔಟಾದ ಮೊದಲಿಗ ಎಂದು ಟೀವಿಯವರು ಇನ್ನೂ ಹೇಳುತ್ತಿದ್ದರು, ನನ್ನ ಫೋನ್ ಬಡಿದುಕೊಂಡಿತು. “ನೋಡಿದ್ಯೇನೋ? ಇವನು ನಿನಗಿಂತ ಹತ್ತೊಂಬತ್ತು ವರ್ಷ ಹಿಂದೆ!”

ಇಂಥ ಮನುಷ್ಯನ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಿಕೊಂಡಿರಲು ಸಾಧ್ಯ? ಒಂದು ಸಲ ಮಾತ್ರ ನಾನು ಒಂದು ತಿಂಗಳು ಮಾತು ಬಿಟ್ಟಿದ್ದೆ.

ಅದು ಸೀಸನ್ನಿನ ಕೊನೆಯ ಮ್ಯಾಚು. ಗೆದ್ದರೆ ಇದ್ದಲ್ಲೇ ಇರುತ್ತೇವೆ, ಸೋತರೆ ಕಟ್ಟಕಡೆಯ ಡಿವಿಜನ್ನಿಗೆ. ಅಲ್ಲಿಂದ ಕೆಳಗೆ ಬಿದ್ದರೆ ಟೆನಿಸ್ ಬಾಲೇ ಗತಿ. ಎದುರಾಳಿಗೆ ಒಂಬತ್ತು ರನ್ ಬೇಕು, ಕೈಯಲ್ಲಿ ಒಂದೇ ವಿಕೆಟ್. ಬಾಲು ಕೀಪರನ ಕೈಸೇರಿತು, ಎಲ್ಲರೂ ಕೂಗಿದೆವು, ಅಂಪೈರ್ ಬೆರಳೆತ್ತಿದರು. ನಾವು ಸ್ಟಂಪು ಕೀಳುತ್ತಿದ್ದೆವು. ಸ್ಲಿಪ್ಪಿನಲ್ಲಿದ್ದ ಕ್ಯಾಪ್ಟನ್ ಮೆಲ್ಲಗೆ ನಡೆದುಹೋಗಿ ಆ ಹುಡುಗನ ಹೆಗಲ ಮೇಲೆ ಕೈಯಿಟ್ಟು, “ಬ್ಯಾಟಿಗೆ ತಾಗಿಲ್ಲ, ಬಾ ಆಡು” ಎಂದು ವಾಪಸ್ ಕರೆತಂದರು.

ನಮಗೆಲ್ಲ ತಕ್ಷಣ ಗೊತ್ತಾಯಿತು, ಇದು ವಿಶ್ವನಾಥ್. 1980ರ ಫೆಬ್ರವರಿಯಲ್ಲಿ ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ನಾಯಕರಾಗಿದ್ದ ವಿಶಿ, ಔಟೆಂದು ತೀರ್ಪಾಗಿದ್ದ ಬಾಬ್ ಟೇಲರ್‌ನನ್ನು ಮತ್ತೆ ಕರೆದಿದ್ದರು. ಟೇಲರ್ ಮತ್ತು ಬೋಥಮ್ ಸೇರಿ 171 ರನ್ ಕೂಡಿಹಾಕಿದರು, ಭಾರತ ಹತ್ತು ವಿಕೆಟ್ಟಿನಿಂದ ಸೋತಿತು. ಈ ಕತೆಯನ್ನು ಕ್ಯಾಪ್ಟನ್ ನಮಗೆ ಮಳೆ ಬಂದು ಆಟ ನಿಂತಾಗಲೆಲ್ಲ ಹೇಳಿದ್ದರು. ಪಾಪ, ಹುಡುಗನಾಗಿದ್ದಾಗಿನಿಂದ ಒಂದು ಅವಕಾಶಕ್ಕೆ ಕಾದಿದ್ದರು ಎಂದು ಕಾಣುತ್ತದೆ.

ವಾಪಸ್ ಬಂದ ಹುಡುಗ ಒಂದು ಬೌಂಡರಿ, ಒಂದು ಸಿಕ್ಸರ್ ಹೊಡೆದು ಆಟ ಮುಗಿಸಿದ. ಸ್ಕೂಟರಿನ ಹಿಂದೆ ಕೂತ ಕ್ಯಾಪ್ಟನ್, “ವಿಶೀನೂ ಸೋತಿದ್ದ ಕಣೋ” ಎಂದರು. ಆ ಧ್ವನಿಯಲ್ಲಿ ದುಃಖ ಎಳ್ಳಷ್ಟೂ ಇರಲಿಲ್ಲ.

ನಾನು ಗಲ್ಲಿಯಲ್ಲಿ ನಿಂತಿದ್ದೆ. ‘ಟಿಕ್’ ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಬ್ಯಾಟಿಗೆ ತಾಗಿತ್ತು. ಆಗಲೇ ಕ್ಯಾಪ್ಟನ್‌ಗೆ ಎಡಗಿವಿ ಮಂದ. ಇದನ್ನು ನಾನು ಇವತ್ತಿನವರೆಗೂ ಅವರಿಗೆ ಹೇಳಿಲ್ಲ.

ಈಗ ಅವರಿಗೆ ಅರವತ್ತು ದಾಟಿದೆ. ಆಡುವುದಿಲ್ಲ, ಆಡಿಸುತ್ತಾರೆ. ಹುಡುಗರು ಅಕಾಡೆಮಿಯಿಂದ ಬರುತ್ತಾರೆ, ಒಬ್ಬೊಬ್ಬನಿಗೂ ಚಕ್ರದ ಕಿಟ್ ಬ್ಯಾಗು, ಕಾರಿನಲ್ಲಿ ಕಾಯುವ ಅಪ್ಪ. ಅಟ್ಟದ ಮೇಲಿನ ಕ್ಲಬ್ಬಿನ ಬ್ಯಾಗನ್ನು ಯಾರೂ ಕೇಳುವುದಿಲ್ಲ. ವಾಟ್ಸಾಪ್ ಗುಂಪಿನಲ್ಲಿ ‘ನಾಳೆ ಯಾರು ಯಾರು?’ ಎಂದು ಹಾಕಿದರೆ ಹದಿನೇಳು ಹೆಬ್ಬೆಟ್ಟು ಬೀಳುತ್ತವಂತೆ. “ಹಿಂದೆ ಹೆಬ್ಬೆಟ್ಟು ಒತ್ತಿದವನು ಮಾತಿಗೆ ತಪ್ಪುತ್ತಿರಲಿಲ್ಲ” ಎನ್ನುತ್ತಾರೆ ಕ್ಯಾಪ್ಟನ್. ಅದಕ್ಕೇ ಈಗಲೂ ಒಬ್ಬೊಬ್ಬರಿಗೇ ಫೋನ್ ಮಾಡುತ್ತಾರೆ.

ಮೊನ್ನೆ ಶನಿವಾರ ರಾತ್ರಿ ಹತ್ತೂವರೆಗೆ ನನಗೂ ಬಂತು. ನಾನು ಅವರು ಬಾಯಿ ತೆರೆಯುವ ಮೊದಲೇ ಶುರುಮಾಡಿದೆ: ಮಂಡಿ ಬಗ್ಗುವುದಿಲ್ಲ, ಡಾಕ್ಟರು ಮೆಟ್ಟಿಲನ್ನೂ ಹತ್ತಬೇಡ ಎಂದಿದ್ದಾರೆ, ನನ್ನ ನೋಂದಣಿ ಹೋಗಿ ಎಷ್ಟು ವರ್ಷವಾಯಿತು, ಇತ್ಯಾದಿ. ಪೂರ್ತಿ ಕೇಳಿಸಿಕೊಂಡರು.

“ನಿನ್ನ ಆಡು ಅಂದೋರು ಯಾರೋ? ಹುಡುಗರು ಹನ್ನೊಂದೂ ಆಗಿದ್ದಾರೆ, ದೇವರಾಣೆ. ಮ್ಯಾಟ್ ಹಾಕೋಕೆ ಮಾತ್ರ ಒಬ್ಬನಿಗೂ ಬರಲ್ಲ.”

ನಾನು ಸುಮ್ಮನಿದ್ದೆ. ಅವರೂ ಸುಮ್ಮನಿದ್ದರು.

“ಎಷ್ಟೊತ್ತಿಗೆ ಸಾರ್?”

“ಏಳಕ್ಕೆ. ಸುತ್ತಿಗೆ ನಿನ್ನ ಹತ್ರಾನೇ ಇದೆ, ಮರೀಬೇಡ.”

ಸ್ಕೂಟರ್ ಮಾರಿ ಹತ್ತು ವರ್ಷವಾಗಿದೆ. ಡಿಕ್ಕಿಯಲ್ಲಿದ್ದದ್ದನ್ನೆಲ್ಲ ಆಗ ಒಂದು ಚೀಲಕ್ಕೆ ತುಂಬಿದ್ದು ನೆನಪಿತ್ತು. ಅಡುಗೆಮನೆಯ ಮೇಲಿನ ಸಜ್ಜಾದಿಂದ ಒಂದೊಂದೇ ಡಬ್ಬ ಇಳಿಸುತ್ತಿದ್ದಾಗ ದೀಪ ಹತ್ತಿತು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಕುರ್ಚಿಯ ಮೇಲೆ ಒಂಟಿಕಾಲಲ್ಲಿ ನಿಂತ ನನ್ನನ್ನೂ ಗಡಿಯಾರವನ್ನೂ ನೋಡಿದಳು.

“ಅಲ್ಲಿಲ್ಲ,” ಎಂದಳು. “ಸುತ್ತಿಗೆ ಹೊಲಿಗೆ ಮೆಷಿನ್ ಡ್ರಾಯರಲ್ಲಿದೆ. ಎಷ್ಟು ಜನರಿಗೆ ಚಿತ್ರಾನ್ನ?”